ಕೆಂಪು ಗೆರೆ ಬೀಳದ ತಪ್ಪು

ಕುರುಗೋಡು,
ಭಾನುವಾರ ಬೆಳಗ್ಗೆ

ತಂಗಿ ಸರೋಜಾ,

ದೊಡ್ಡಬಸವಣ್ಣನಿಗೆ ನಿನ್ನ ಹೆಸರಲ್ಲಿ ಹೂವು ಕೊಟ್ಟು, ಗುಡಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಎರಡು ಸಾಲು ಬರೆಯುತ್ತೇನೆ, ಎದ್ದು ನಿಲ್ಲುತ್ತೇನೆ, ಮತ್ತೆ ಕೂರುತ್ತೇನೆ. ಹೂ ಮಾರುವ ಮಾರೆಮ್ಮ ನೋಡಿ ನೋಡಿ, "ಯಾಕ ಟೀಚರಮ್ಮ, ಕಟ್ಟಿ ಮ್ಯಾಲ ಇರುವಿ ಅದಾವೇನು?" ಅಂದಳು. ಇರುವೆ ಕಟ್ಟೆಯ ಮೇಲಿಲ್ಲ ತಂಗಿ, ನಾನು ಬುಧವಾರ ಆಡಿದ ಒಂದು ಮಾತಿನಲ್ಲಿದೆ. ಅಂದಿನಿಂದ ಕಚ್ಚುತ್ತಿದೆ.

ದಿನಾ ನಾಲ್ಕು ಗಂಟೆಗೆ ಫೋನಿನಲ್ಲಿ ಮಾತಾಡುವವರು ನಾವು. ಆದರೆ ಆ ಹತ್ತು ನಿಮಿಷ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಅಂತ ನೀನೇ ಹಾಕಿದ ಕಟ್ಟಳೆ. ಇವತ್ತು ಹೇಳಬೇಕಾದ ಮಾತು ನನ್ನ ಇಂಗ್ಲಿಷಿಗೆ ನಿಲುಕಲಿಲ್ಲ. ಸಾರಿ ಅಂದು ನೋಡಿದೆ, ಸಾಲಲಿಲ್ಲ. ಅದಕ್ಕೇ ಕಾಗದ.

ನಮ್ಮ ಅಂಗನವಾಡಿಗಳಿಗೂ ಇಂಗ್ಲಿಷ್ ಬಂತು ಅಂದಾಗ ನಾನು ಹೆದರಿದ್ದೆ. ನೀನು ಸಿರುಗುಪ್ಪದಿಂದ, ನಾನು ಇಲ್ಲಿಂದ, ಭಾನುವಾರಕ್ಕೊಮ್ಮೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಕ್ಲಾಸಿಗೆ ಸೇರಿದೆವು. ಮೊದಲ ಹಂತ ಸಲೀಸಾಗಿ ದಾಟಿತು. ಎರಡನೆಯದೇ ಕಷ್ಟ. ಬಾಯಿ ತೆರೆಯುವ ಧೈರ್ಯ ಬಂದಿರುತ್ತದೆ, ಬಾಯಿಗೆ ಬರುವುದೆಲ್ಲ ತಪ್ಪಾಗಿರುತ್ತದೆ. "ಮೈ ಮದರ್ ಇನ್ ಲಾ ಈಸ್ ಈಟಿಂಗ್ ಮೈ ಹೆಡ್" ಅಂತ ನೀನು ಹೇಳಿದ ದಿನ ಶ್ರೀಕೃತಿ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರಲ್ಲ! ಆಮೇಲೆ ನೀನು ಎಲ್ಲ ತಿದ್ದಿಕೊಂಡೆ. ನನ್ನದು ಒಂದು ತಪ್ಪು ಮಾತ್ರ ಹೋಗಲೊಲ್ಲದು. ಕ್ಲಾಸು ಮುಗಿಸಿ ಏಳುವಾಗ ನಾನು "ಐ ಆಮ್ ಕಮಿಂಗ್ ಮೇಡಂ" ಅನ್ನುವುದು, ಅವರು "ಎಲ್ಲಿಗೆ ಕಮಿಂಗ್ರೀ ಸಾವಂತ್ರಮ್ಮ? ನೀವು ಹೊಂಟೀರಿ, ಗೋಯಿಂಗ್ ಅನ್ರಿ" ಅನ್ನುವುದು. ನನ್ನ ನೋಟುಬುಕ್ಕಿನಲ್ಲಿ ಅದಕ್ಕೆ ಮೂರು ಕಡೆ ಕೆಂಪು ಗೆರೆ ಇದೆ.

ಬುಧವಾರ ಸಂಜೆ ನಿನ್ನನ್ನು ನೋಡಲು ಬಳ್ಳಾರಿಯ ಆಸ್ಪತ್ರೆಗೆ ಬಂದಿದ್ದೆ. ಮರುದಿನ ನಿನ್ನ ಕೊರಳಿನ ಗಂಟು ತೆಗೆಯುವವರಿದ್ದರು. ಹೆದರಿ ನಿನ್ನ ಮುಖ ಇಷ್ಟೇ ಇಷ್ಟಾಗಿತ್ತು. ನಗಿಸೋಣ ಅಂತ, ಬಾಗಿಲಲ್ಲಿ ನಿಂತು, ನೆಟ್ಟಗೆ, ಮೇಡಂ ಕಲಿಸಿದ ಹಾಗೇ ಅಂದೆ: "ಓಕೆ ಸರೋಜಾ, ಐ ಆಮ್ ಗೋಯಿಂಗ್." ನೀನು ಹೆಬ್ಬೆರಳೆತ್ತಿ, "ಕರೆಕ್ಟ್ ಅಕ್ಕಾ! ಕಡೀಗೂ ಬಂತು ನೋಡು" ಅಂದೆ.

ನಾನು ಕೇಳಿದ ನಿನ್ನ ಕೊನೆಯ ಮಾತು ಅದು.

ಬಸ್ಸು ಊರು ದಾಟಿದ ಮೇಲೆ ನನಗೆ ಹೊಳೆಯಿತು. ಏನಂದು ಬಂದೆ ನಾನು? ಹೋಗ್ತೀನಿ ಅಂದೆ. ಐವತ್ತು ವರ್ಷದಲ್ಲಿ ಯಾರ ಹೊಸ್ತಿಲಲ್ಲೂ ಆಡದ ಮಾತು. ನಮ್ಮವ್ವ ಇದ್ದಾಗ, ಬಂದವರು ಬಾಯಿ ತಪ್ಪಿ ಹೋಗ್ತೀನಿ ಅಂದರೆ ಬಿಡುತ್ತಿರಲಿಲ್ಲ. "ಕೂಡ್ರು. ನೀರು ಕುಡಿ. ಬರ್ತೀನಿ ಅಂದು ಏಳು" ಅನ್ನುತ್ತಿದ್ದಳು. ಇಳಿದು ಹಿಂದಕ್ಕೆ ಬರಬೇಕಿತ್ತು. ಬಸ್ಸಿನವರು ನಗುತ್ತಾರೆ ಅಂತ ನಾಚಿ ಕೂತುಬಿಟ್ಟೆ.

ಗುರುವಾರ ನಿನ್ನ ಯಜಮಾನರು ಯರ್ರಿಸ್ವಾಮಿ ಫೋನು ಮಾಡಿ, "ಆಪರೇಷನ್ ಚೊಲೋ ಆಗೇತ್ರಿ ಅಕ್ಕಾರ. ಆದ್ರ ಆಕಿ ದನಿ ಬರವಲ್ದು. ಬಂದ್ರೂ ಬರಬೌದು, ಕಾಯ್ರಿ ಅಂತಾರ ಡಾಕ್ಟ್ರು" ಅಂದರು. ಇದಕ್ಕೆ ಕಾರಣ ಆಪರೇಷನ್ನೇ, ನನ್ನ ಮಾತಲ್ಲ ಅಂತ ನನಗೆ ತಿಳಿಯುತ್ತದೆ. ತಿಳಿದರೂ ಮನಸ್ಸು ಕೇಳುತ್ತಿಲ್ಲ. ಇಪ್ಪತ್ತು ಮಕ್ಕಳು ನಿನ್ನ ದನಿ ಹಿಡಿದು ಹಾಡುವವರು. ದನಿಯಿಲ್ಲದೆ ಅಂಗನವಾಡಿ ನಡೆಯುತ್ತದೆಯೇ? ನೀನೇನು ಮಾಡುತ್ತೀ?

ಶುಕ್ರವಾರದಿಂದ ನಾಲ್ಕಕ್ಕೆ ಫೋನು ಮಾಡುತ್ತಿದ್ದೇನೆ. ಯರ್ರಿಸ್ವಾಮಿ ಅದನ್ನು ನಿನ್ನ ಕಿವಿಗೆ ಹಿಡಿಯುತ್ತಾರೆ, ನಾನೊಬ್ಬಳೇ ಮಾತಾಡುತ್ತೇನೆ. ನಿನ್ನೆ ಬೇಕಂತಲೇ "ಯೆಸ್ಟರ್ಡೇ ಐ ಗೋ ಟು ಟೆಂಪಲ್" ಅಂದೆ. ನೀನು "ವೆಂಟ್ ಅಕ್ಕಾ, ವೆಂಟ್!" ಅಂತ ಬೈಯುವಷ್ಟು ಹೊತ್ತು ಕಾದೆ. ಬರೀ ಉಸಿರು ಕೇಳಿಸಿತು.

ಇವತ್ತು ಕ್ಲಾಸಿಗೆ ಹೋಗುವುದಿಲ್ಲ. ಹತ್ತು ಗಂಟೆಯ ಬಸ್ಸು ಹಿಡಿದು ನೇರ ನಿನ್ನ ಹತ್ತಿರ ಬಂದು, ಈ ಕಾಗದ ಕೈಗಿಡುತ್ತೇನೆ. ನೀನು ಓದಿ ಮುಗಿಸುವವರೆಗೆ ಮಂಚದ ಪಕ್ಕ ಕೂತು ಒಂದು ಲೋಟ ನೀರು ಕುಡಿಯುತ್ತೇನೆ. ಆಮೇಲೆ ಎದ್ದು, ಬುಧವಾರ ನಿಂತ ಬಾಗಿಲಲ್ಲೇ ನಿಂತು, "ಐ ಆಮ್ ಕಮಿಂಗ್" ಅನ್ನುತ್ತೇನೆ. ತಪ್ಪು ಅಂತ ಗೊತ್ತು ತಂಗಿ. ನೀನು ದನಿ ತೆಗೆಯಬೇಡ, ಹೆಬ್ಬೆರಳೂ ಎತ್ತಬೇಡ. ದನಿ ತಿರುಗಿ ಬಂದು ನೀನೇ ತಿದ್ದುವವರೆಗೆ ಈ ತಪ್ಪನ್ನು ನಾನು ಬಿಡುವವಳಲ್ಲ, ಮೇಡಂ ನೋಟುಬುಕ್ಕೆಲ್ಲ ಕೆಂಪು ಮಾಡಲಿ.

ಬಸವಣ್ಣ ನಿನ್ನ ಕೊರಳು ಕಾಯಲಿ, ನಿನ್ನ ಮಕ್ಕಳ ಹಾಡು ನಿನಗೆ ತಿರುಗಿ ಕೊಡಲಿ.

ಬರ್ತೀನಿ.

ನಿನ್ನ ಬೈಗುಳಕ್ಕೆ ಕಾದಿರುವ
ಸಾವಂತ್ರಕ್ಕ