ಜೋಳದ ಡಬ್ಬಿಯಲ್ಲಿದ್ದ ವಿನೆಗರ್

ಹಗರಿಬೊಮ್ಮನಹಳ್ಳಿ
ಜೂನ್ ೨೦೦೩

ಅವ್ವಾ,

ನೀನು ಹೋಗಿ ಎಂಟು ತಿಂಗಳಾಯಿತು. ನಿನ್ನ ಈಗಿನ ವಿಳಾಸ ಬರೆಯಲು ನನ್ನ ಎಂ.ಎ. ಸಾಲದು.

ಇವತ್ತು ನಿನ್ನ ಸೊಸೆ ಶಾಂಭವಿ ಜೋಳದ ಡಬ್ಬಿಯನ್ನು ತಳದವರೆಗೂ ಬರಿದು ಮಾಡಿದಳು. ನಿನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬಾಟಲಿ ಸಿಕ್ಕಿತು. ಮೂರು ವರ್ಷದ ಹಿಂದೆ ಗೋಬಿ ಮಂಚೂರಿಯ ಹುಚ್ಚು ಹಿಡಿದು ನಾನು ಹೊಸಪೇಟೆಯಿಂದ ತಂದ ವಿನೆಗರ್. ಅದು ಕಾಣೆಯಾದಾಗ, ನೀನೇ ಚೆಲ್ಲಿದೆ ಎಂದು ಎರಡು ದಿನ ಮಾತು ಬಿಟ್ಟಿದ್ದೆನಲ್ಲ, ಅದೇ.

"ಕೆಟ್ಟೈತೇನ್ರಿ?" ಎಂದಳು ಶಾಂಭವಿ.

"ಹುಟ್ಟಾ ಹುಳಿ, ನಿಮ್ಮಣ್ಣನ ಮಾರಿ ಹಂಗ. ಕೆಟ್ರೂ ಹೆಂಗ ಗೊತ್ತಾಗಬೇಕು?"

ಬೆಳಕಿಗೆ ಹಿಡಿದೆ, ತಿಳಿಯಾಗಿತ್ತು. ಮುಚ್ಚಳ ತೆಗೆದೆ, ಹುಳಿ ವಾಸನೆ ಮೂಗಿಗೆ ಹೊಡೆಯಿತು. ಬಿಸಿಲು ತಾಗದ ತಂಪು ಜಾಗದಲ್ಲಿ ಇಡಬೇಕೆಂದು ಲೇಬಲ್ಲಿನಲ್ಲಿದೆ. ನೀನು ಇಟ್ಟದ್ದಕ್ಕಿಂತ ಚೆನ್ನಾಗಿ ಯಾರೂ ಇಡಲಾರರು.

ಆದರೆ ನೀನು ಇಟ್ಟೆಯೋ, ಅಪ್ಪನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟೆಯೋ? ಲೇಬಲ್ಲಿನ ಇಂಗ್ಲಿಷು ನಿನಗೆ ಬಾರದು. ಲಿಂಗ ಕಟ್ಟಿದವರ ಮನೆಗೆ ಮಗ ಕುಡಿಯಲು ಸೆರೆ ತಂದನೆಂದು ತಿಳಿದೆಯಾ? ಆಮೇಲೆ ದಿನಾ ಸಂಜೆ ನಾನು ಬಂದೊಡನೆ "ಏನ್ ಉಂಡ್ಯೋ ಯಪ್ಪಾ?" ಎಂದು ಮುಖದ ಹತ್ತಿರಕ್ಕೇ ಬರುತ್ತಿದ್ದೆ. ಎಂಥ ವಾತ್ಸಲ್ಯ ಎಂದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ. ಈಗ ಒಂದೂ ತಿಳಿಯುತ್ತಿಲ್ಲ.

ಬಾಟಲಿಯ ಸೀಲು ಇವತ್ತು ನಾನು ಒಡೆಯುವ ತನಕ ಹಾಗೇ ಇತ್ತು. ಅದನ್ನೊಮ್ಮೆ ತೆಗೆದು ಮೂಸಿದ್ದರೆ ಸಾಕಿತ್ತಲ್ಲ ಅವ್ವಾ, ದಿನಾ ನನ್ನನ್ನು ಯಾಕೆ ಮೂಸಿದೆ?

ನಿನ್ನ
ಗಂಗಾಧರ