ಕಣ್ಣ ಕೆಳಗಿನ ಕೆಲಸ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ನಲವತ್ತೊಂದು ಮುಖ. ಅಂದರೆ ಎಂಬತ್ತೆರಡು ಕಣ್ಣು, ಒಂದೊಂದರ ಕೆಳಗೂ ಒಂದೊಂದು ಊದಿದ ಚೀಲ. ಊರಿಗೆ ಊರೇ ನಿದ್ದೆಗೆಟ್ಟಿದೆಯೋ ಏನೋ. ಮೊದಲು ಕಣ್ಣ ಕೆಳಗೆ ಒರೆಸುವುದು, ಆಮೇಲೆ ಮೊಡವೆ, ಕೊನೆಗೆ ಹಲ್ಲು — ಫೋಟೋ ಸ್ಟುಡಿಯೋ ಸೇರಿದ ಹತ್ತೊಂಬತ್ತು ವರ್ಷದಿಂದ ಇದೇ ಕ್ರಮ. ಕಂಪ್ಯೂಟರ್ ಮುಂದೆ ಕೂತರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಚೀಲ ಇಲ್ಲದವರಿಗೂ ಒಂದು ಸಲ ಬ್ರಷ್ ಎಳೆದುಬಿಡುತ್ತೇನೆ.

ಮಧ್ಯಾಹ್ನ ತಂಗಿ ಪಾಠ ಮಾಡುವ ಶಾಲೆಯ ಗ್ರೂಪ್ ಫೋಟೋ. ಮೊನ್ನೆ ಸ್ಟುಡಿಯೋ ಯಜಮಾನರೇ ಹೋಗಿ ತೆಗೆದದ್ದು. ಅರವತ್ತನಾಲ್ಕು ಜನ! ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು. "ಮುಂದಿನ ಸಾಲು ಮಾತ್ರ ನೀಟಾಗಿ ಮಾಡಮ್ಮ. ಹೆಡ್‌ಮಿಸ್ಸು, ಕಮಿಟಿಯೋರು ಕೂತಿದ್ದಾರೆ. ಹಿಂದಿನೋರನ್ನ ಯಾರು ನೋಡ್ತಾರೆ?"

ಬದುಕಿದೆಯಾ ಬಡಜೀವವೇ. ತಂಗಿ ಹಿಂದಿನ ಸಾಲಿನಲ್ಲಿ ಕ್ರಾಫ್ಟ್ ಮೇಷ್ಟ್ರ ಪಕ್ಕ ತುದಿಗಾಲಲ್ಲಿ ನಿಂತಿದ್ದಾಳೆ. ಮುಖ ಕಡಲೆಕಾಳಷ್ಟು. ಹಾಗೇ ಬಿಟ್ಟೆ.

ಮೌಸ್ ಹಿಡಿದು ಹಿಡಿದು ಬಲಗೈ ಮಣಿಕಟ್ಟು ಸೆಳೆಯುತ್ತಿದೆ. ಒಂದು ಮಾತ್ರೆ ನುಂಗಿದೆ.

ಫೆಬ್ರವರಿ 6

ತಂಗಿಗೆ ಹಿಮ್ಮಡಿ ನೋವು. ದಿನವಿಡೀ ಕ್ಲಾಸಿನಲ್ಲಿ ನಿಂತೇ ಇರುವವಳು, ಬಾರದೆ ಏನು. ಕುಂಟುತ್ತ ಬಂದು ಸೋಫಾದ ಮೇಲೆ ಬಿದ್ದಳು. ನನ್ನ ಮಣಿಕಟ್ಟಿನ ಮಾತ್ರೆ ಒಂದು ಸ್ಟ್ರಿಪ್ ಕೊಟ್ಟೆ. ನೋವು ನೋವೇ ತಾನೆ, ಕೈಯಾದರೇನು ಕಾಲಾದರೇನು.

"ಡಾಕ್ಟರ್ರು ಬರೆದಿದ್ದಾ?" ಎಂದಳು.

"ನಂಗೆ ಬರೆದಿದ್ದು. ನಂಗಾದ್ರೆ ನಿಂಗೂ ಆಗುತ್ತೆ."

ಬರೆದದ್ದು ಐದು ದಿನಕ್ಕೆ. ಅದೂ ಮೂರು ವರ್ಷದ ಹಿಂದೆ. ಮೆಡಿಕಲ್ ಶಾಪಿನವರು ಚೀಟಿ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಫೆಬ್ರವರಿ 11

ಮಾತ್ರೆ ನಾಟಿದೆ. ತಂಗಿ ಮೆಟ್ಟಿಲು ಹಾರಿ ಹಾರಿ ಇಳಿಯುತ್ತಾಳೆ. ಇನ್ನೊಂದು ಸ್ಟ್ರಿಪ್ ಕೇಳಿದಳು. ಬರುವಾಗ ನಾಲ್ಕು ತಂದಿಟ್ಟೆ.

ಏಪ್ರಿಲ್ 14, ಬೆಳಿಗ್ಗೆ 7

ಎರಡು ತಿಂಗಳು ಬರೆಯಲೇ ಇಲ್ಲ. ಬರೆಯಲು ಏನಿದೆ — ಮುಖ, ಮುಖ, ಮುಖ.

ಇವತ್ತು ತಂಗಿ ಎದ್ದು ಕನ್ನಡಿ ಮುಂದೆ ಹೋದವಳು "ಅಕ್ಕಾ, ಬಾ ಇಲ್ಲಿ" ಎಂದು ಕೂಗಿದಳು. ಎರಡೂ ಕಣ್ಣಿನ ಕೆಳಗೆ ಉಬ್ಬಿದೆ. ನಕ್ಕುಬಿಟ್ಟೆ. ಅಪ್ಪನಿಗೆ ಹೀಗೇ ಇತ್ತು, ನನಗೆ ಇಪ್ಪತ್ತೈದಕ್ಕೇ ಬಂತು. ಅಪ್ಪ ಹೋಗುವಾಗ ಬಿಟ್ಟುಹೋದ ಆಸ್ತಿ ಅದೊಂದೇ, ಅದರಲ್ಲೂ ಪಾಲು ಕೇಳೋಕೆ ಬಂದೆಯಾ ಎಂದು ಛೇಡಿಸಿದೆ. ಅವಳೂ ನಕ್ಕಳು. ಅವಳಿಗೂ ನಲವತ್ತೊಂದಾಯಿತು, ಬರುವ ವಯಸ್ಸೇ.

ಏಪ್ರಿಲ್ 22

ಮನೆಯೀಗ ಪ್ರಯೋಗಶಾಲೆ. ಫ್ರಿಜ್ಜಿನಲ್ಲಿ ನಾಲ್ಕು ಚಮಚ, ಕಣ್ಣಿಗೆ ಒತ್ತಿಕೊಳ್ಳಲು. ಒಂದು ತಟ್ಟೆ ಸೌತೆಕಾಯಿ ಬಿಲ್ಲೆ. ಟೀ ಕುದಿಸಿ ಹಿಂಡಿದ ಪೊಟ್ಟಣ. ಆಲೂಗಡ್ಡೆ ತುರಿ — ಅದನ್ನು ನಾನು ಪಲ್ಯಕ್ಕೆ ಹಾಕಿಬಿಟ್ಟೆ, ದೊಡ್ಡ ರಂಪವಾಯಿತು.

ಕೆಳಗಿನ ಮಹಡಿಯ ಪಾರ್ಲರ್‌ನವಳು ಕಾರಣಗಳನ್ನು ಬಾಯಿಪಾಠ ಒಪ್ಪಿಸಿದಳು: ನಿದ್ದೆ ಕಮ್ಮಿ, ಉಪ್ಪು ಜಾಸ್ತಿ, ಅಳು, ಅಲರ್ಜಿ, ವಯಸ್ಸು, ವಂಶ. "ತಲೆದಿಂಬು ಎರಡಿಟ್ಕೊಳ್ಳಿ, ನೀರು ಇಳಿಯುತ್ತೆ. ಈ ಕ್ರೀಮು ಹದಿನೈದು ದಿನ." ಅವಳ ಕಣ್ಣ ಕೆಳಗೂ ಇದೆ. ಪೌಡರಿನಲ್ಲಿ ಮುಚ್ಚಿದ್ದಾಳೆ. ನನ್ನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ.

ತಂಗಿ ಊಟದಲ್ಲಿ ಉಪ್ಪು ಬಿಟ್ಟಳು. ಅಂದರೆ ನಾನೂ ಬಿಟ್ಟ ಹಾಗೆ. ಸಾರು ಬಾಯಿಗಿಡುವ ಹಾಗಿಲ್ಲ.

ಮೇ 5

ಶಾಲೆಯ ಹೊಸ ಗುರುತಿನ ಚೀಟಿಗೆ ತಂಗಿಯ ಫೋಟೋ. ಸ್ಟುಡಿಯೋಗೆ ಬಂದಳು, ಸ್ಟೂಲಿನ ಮೇಲೆ ಕೂತಳು. "ಚೀಲ ತೆಗೀತೀಯ ತಾನೆ?"

"ಹತ್ತೊಂಬತ್ತು ವರ್ಷದಿಂದ ಊರೋರದ್ದೆಲ್ಲ ತೆಗೆದಿದ್ದೀನಿ, ನಿಂದು ಬಿಡ್ತೀನಾ?"

ಎರಡು ನಿಮಿಷದ ಕೆಲಸ. ಫೋಟೋ ನೋಡಿ ಕನ್ನಡಿ ನೋಡಿ, "ಇವಳೇ ಬಂದು ಪಾಠ ಮಾಡಿದ್ರೆ ಚೆನ್ನಾಗಿತ್ತು, ನಂಗೆ ಸಾಕಾಗಿದೆ" ಎಂದಳು. ಸುಸ್ತಂತೆ. ಯಾರಿಗೆ ಸುಸ್ತಿಲ್ಲ?

ಮೇ 19

ಕ್ರೀಮು ಮುಗಿಯಿತು. ಚೀಲ ಮುಗಿಯಲಿಲ್ಲ. ಹೆಡ್‌ಮಿಸ್ಸು ಸ್ಟಾಫ್ ರೂಮಿನಲ್ಲಿ, ರಜೆಯಲ್ಲೂ ಅಡ್ಮಿಷನ್ ಕೆಲಸಕ್ಕೆ ಬಂದಿದ್ದವರೆಲ್ಲರ ಎದುರು "ಸರಿಯಾಗಿ ಮಲಗ್ರೀ" ಅಂದರಂತೆ. ಬೇಗನೆ ಮಲಗುತ್ತಾಳೆ ಪಾಪ. ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ರಾತ್ರಿಯಿಡೀ ಅತ್ತವಳ ಮುಖ. ಸಂಜೆಗೆ ಕಣ್ಣು ಇಳಿಯುತ್ತದೆ. ಆಗ ಚಪ್ಪಲಿ ಬಿಗಿ ಅನ್ನುತ್ತಾಳೆ.

ಹೊಸ ಚಪ್ಪಲಿ ತಗೋ ಎಂದೆ.

ಜೂನ್ 2, ಸೋಮವಾರ

ಪಾರ್ಲರ್‌ನವಳು ಮೆಟ್ಟಿಲು ಹತ್ತಿ ಮನೆಗೇ ಬಂದಳು. ನಿನ್ನೆ ತಂಗಿ ಪಾದ ತಿಕ್ಕಿಸಿಕೊಳ್ಳಲು ಹೋಗಿದ್ದಳಂತೆ. ಬಾಗಿಲಲ್ಲೇ ನಿಂತು ದನಿ ತಗ್ಗಿಸಿ ಹೇಳಿದಳು:

"ಅಕ್ಕಾ, ನಾನು ಓದಿದೋಳಲ್ಲ. ಅವರ ಕಾಲಿಗೆ ಬೆರಳು ಒತ್ತಿದೆ, ಗುಳಿ ಬಿತ್ತು. ಒಂದು ಕಾಲು ತಿಕ್ಕಿ ಮುಗಿಸಿದ್ರೂ ಗುಳಿ ಹಾಗೇ ಇತ್ತು. ನಮ್ಮತ್ತೆಗೆ ಹೀಗೇ ಆಗಿತ್ತು. ಇದು ಕ್ರೀಮಿನ ಬಾಬತ್ತಲ್ಲ. ಇನ್ನು ನನ್ನ ಹತ್ರ ಕಳಿಸಬೇಡಿ, ಡಾಕ್ಟರ ಹತ್ರ ಕಳಿಸಿ."

ತಂಗಿಯನ್ನು ಕೂರಿಸಿ ಮೀನಖಂಡದ ಕೆಳಗೆ ನಾನೇ ಒತ್ತಿ ನೋಡಿದೆ. ಹೆಬ್ಬೆರಳಿನ ಗುರುತು. ನೋಡುತ್ತ ಕೂತೆವು, ಇಬ್ಬರೂ. ಎದ್ದು ಬರಲೇ ಇಲ್ಲ ಅದು.

"ಮೂತ್ರದಲ್ಲೂ ನೊರೆ ಬರ್ತಿದೆ" ಎಂದಳು. "ಹೇಳೋಕೆ ನಾಚಿಕೆ ಆಯ್ತು."

ಜೂನ್ 6

ಟೆಸ್ಟು ಮಾಡಿಸಿಕೊಂಡು ಕಿಡ್ನಿ ಡಾಕ್ಟರಮ್ಮನ ಹತ್ತಿರ ಹೋದೆವು. ಸಣ್ಣ ರೂಮು, ಕಿಟಕಿಯಿಲ್ಲ, ಗೋಡೆಯ ಮೇಲೆ ಅವರೆಕಾಳಿನ ಆಕಾರದ ಕಿಡ್ನಿಯ ಚಿತ್ರ. ಒಳ್ಳೆಯವರು, ಆದರೆ ಸುತ್ತಿ ಬಳಸಿ ಮಾತಾಡುವುದಿಲ್ಲ. ರಕ್ತದಲ್ಲಿ ಇರಬೇಕಾದ ಪ್ರೋಟೀನು ಕಿಡ್ನಿಯಿಂದ ಸೋರಿ ಹೋಗುತ್ತಿದೆಯಂತೆ. ಅದು ಕಮ್ಮಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಮಲಗಿದ್ದಾಗ ಕಣ್ಣ ಕೆಳಗೆ, ನಿಂತಾಗ ಕಾಲಲ್ಲಿ. ನಾವು ಸೌತೆಕಾಯಿ ಇಟ್ಟುಕೊಂಡು ಕೂತಿದ್ದೆವು!

"ಎಷ್ಟು ದಿನದಿಂದ ಇದೆ?"

"ನಮ್ಮ ಮನೇಲಿ ಎಲ್ಲರಿಗೂ ಇದೆ ಮೇಡಂ" ಎಂದು ನಾನೇ ಬಾಯಿ ಹಾಕಿದೆ. ನನ್ನ ಮುಖ ನೋಡಿದರು. ಸಾಕ್ಷಿ ಅಲ್ಲೇ ಇತ್ತಲ್ಲ.

"ಹಾಗಲ್ಲ. ಇವರಿಗೆ ವರ್ಷಗಳಿಂದ ಇತ್ತಾ, ಈಚೆಗೆ ಬಂತಾ, ಅದು ಗೊತ್ತಾಗ್ಬೇಕು. ಹಳೇ ಫೋಟೋ ಇದ್ರೆ ತನ್ನಿ."

ತಂಗಿ ನಕ್ಕಳು. "ಫೋಟೋಗೇನು ಬರ ಮೇಡಂ, ನಮ್ಮಕ್ಕನ ಕೆಲಸಾನೇ ಅದು."

"ನೋವಿನ ಮಾತ್ರೆ ಏನಾದ್ರೂ ತಗೊಳ್ತೀರಾ? ತುಂಬಾ ದಿನದಿಂದ? ಕೆಲವರಿಗೆ ಅದರಿಂದ್ಲೇ ಹೀಗಾಗುತ್ತೆ."

ತಂಗಿ ನನ್ನ ಕಡೆ ನೋಡಿದಳು. ಒಂದು ಕ್ಷಣ, ಅಷ್ಟೇ. ಆಮೇಲೆ "ಇಲ್ಲ" ಎಂದಳು.

ನಾನು ಬಾಯಿ ಬಿಡಲಿಲ್ಲ. ಮನೆಯವರೆಗೂ ಬಸ್ಸಿನಲ್ಲಿ ಒಂದೇ ಸೀಟು, ಇಬ್ಬರೂ ಕಿಟಕಿ ನೋಡುತ್ತ ಬಂದೆವು. ಮುಂದಿನ ಶುಕ್ರವಾರ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡುತ್ತಾರಂತೆ.

ಜೂನ್ 7

ಈ ಪುಸ್ತಕವನ್ನೇ ತಿರುವಿ ಹಾಕಿದೆ. ಫೆಬ್ರವರಿ ಆರು. ನನ್ನದೇ ಅಕ್ಷರ. "ನಂಗಾದ್ರೆ ನಿಂಗೂ ಆಗುತ್ತೆ."

ಚೀಲ ಅದಕ್ಕೂ ಮುಂಚಿನದ್ದಾದರೆ ಮಾತ್ರೆಯ ತಪ್ಪಿಲ್ಲ. ನನ್ನ ತಪ್ಪೂ ಇಲ್ಲ. ಹಳೇ ಫೋಟೋ ಒಂದು ಸಿಕ್ಕರೆ ಸಾಕು, ಒಂದೇ ಒಂದು, ಚೀಲ ಇರುವಂಥದ್ದು. ಒಡಹುಟ್ಟಿದವಳಿಗೆ ವರ್ಷಗಳಿಂದ ಕಾಯಿಲೆ ಇದ್ದಿರಲಿ ಎಂದು ಹಾರೈಸುತ್ತ ಕೂತಿದ್ದೇನೆ. ಥೂ ನನ್ನ ಜನ್ಮಕ್ಕೆ.

ಜೂನ್ 9, ಸೋಮವಾರ, ಊಟದ ಹೊತ್ತು

ಎಲ್ಲಾ ಹುಡುಕಿದೆ. ಅವಳ ಫೋನು, ನನ್ನ ಫೋನು, ಸ್ಟುಡಿಯೋ ಕಂಪ್ಯೂಟರು. ನಾಲ್ಕು ವರ್ಷದ್ದು, ಇನ್ನೂರಕ್ಕೂ ಮೇಲೆ. ಎಲ್ಲದರಲ್ಲೂ ತಂಗಿಯ ಕಣ್ಣ ಕೆಳಗೆ ನುಣ್ಣಗೆ, ತೊಳೆದಿಟ್ಟ ತಟ್ಟೆಯ ಹಾಗೆ. ಎಲ್ಲಕ್ಕೂ ನಾನೇ ಕೈ ಆಡಿಸಿದ್ದೇನೆ. ಅವಳ ಫೋನಿನಲ್ಲಿ ತೆಗೆದದ್ದನ್ನೂ ಬಿಟ್ಟಿಲ್ಲ. "ಸ್ವಲ್ಪ ಸರಿ ಮಾಡಿಕೊಡೇ" ಅನ್ನುತ್ತಿದ್ದಳು, ಮಾಡಿ ಅದರ ಮೇಲೇ ಸೇವ್ ಮಾಡುತ್ತಿದ್ದೆ. ಸ್ಟುಡಿಯೋದಲ್ಲಿ ಮೂಲ ಫೋಟೋಗಳನ್ನು ತಿಂಗಳಿಗೊಮ್ಮೆ ಅಳಿಸುವುದೂ ನಾನೇ, ಜಾಗ ಸಾಲದು ಅಂತ.

ಯಾವಾಗ ಶುರುವಾಯಿತು ಎಂದು ಕೇಳಿದರೆ ಹೇಳಬಲ್ಲವರು ಊರಿನಲ್ಲಿ ಯಾರಾದರೂ ಇದ್ದರೆ ಅದು ನಾನು. ನಾನೇ ಒರೆಸಿ ಹಾಕಿದ್ದೇನೆ.

ಅದೇ ದಿನ, ಸಂಜೆ 5

ಹಿಂದಿನ ಸಾಲು.

ಮಾತ್ರೆ ಕೊಡುವ ಮುಂಚಿನ ಆ ಗ್ರೂಪ್ ಫೋಟೋದ ಫೈಲು ಇತ್ತು. ಶಾಲೆಯವರು ಇನ್ನಷ್ಟು ಪ್ರತಿ ಕೇಳಬಹುದೆಂದು ಇಟ್ಟಿದ್ದೆ. ಕ್ರಾಫ್ಟ್ ಮೇಷ್ಟ್ರ ಪಕ್ಕ. ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಮೇಷ್ಟ್ರಿಗೆ ದಪ್ಪ ದಪ್ಪ ಚೀಲ, ಅಂದರೆ ಬೆಳಕಿನದ್ದೇನೂ ಮೋಸವಿಲ್ಲ.

ತಂಗಿಗೆ ಇಲ್ಲ. ಏನೂ ಇಲ್ಲ.

ಅಪ್ಪನ ಆಸ್ತಿ ಅವಳಿಗೆ ಬಂದೇ ಇರಲಿಲ್ಲ. ಇಷ್ಟು ವರ್ಷ ಅವಳ ಫೋಟೋಗಳಲ್ಲಿ ನಾನು ಒರೆಸಿದ್ದು ಇಲ್ಲದ್ದನ್ನು. ಇದ್ದದ್ದು ಬಂದಮೇಲೂ ಒರೆಸಿದೆ, ಅದೇ ಎರಡು ನಿಮಿಷದಲ್ಲಿ.

ಯಜಮಾನರು "ಏನಮ್ಮ, ಯಾಕೆ ಹಾಗೆ ಕೂತಿದ್ದೀಯ?" ಎಂದರು. ಪ್ರಿಂಟ್ ಹಾಕುತ್ತಿದ್ದೇನೆ ಎಂದೆ. ಹಾಕಿದೆ.

ಜೂನ್ 10, ಬೆಳಿಗ್ಗೆ

ತಂಗಿಗೆ ಪ್ರಿಂಟ್ ತೋರಿಸಿದೆ. ಡಾಕ್ಟರಮ್ಮನಿಗೆ ಮಾತ್ರೆಯ ವಿಷಯ ಹೇಳುತ್ತೇನೆ ಎಂದೆ. ಅಳು ಬಂತು, ಅತ್ತೆ.

"ನಂಗೆ ಅವತ್ತೇ ನೆನಪಾಯ್ತು" ಎಂದಳು. "ನಿನ್ ಮುಖ ನೋಡ್ದೆ. ಹೇಳ್ತೀಯೇನೋ ಅಂತ ಕಾದೆ."

"ನೀನಾದ್ರೂ ಹೇಳಬಾರದಾ?"

"ನೀನು ಕೊಟ್ಟಿದ್ದಲ್ವಾ. ಹೇಗೆ ಹೇಳ್ಲಿ." ಕಾಲು ಚಾಚಿಕೊಂಡು, "ನಿನ್ನೆ ಕೂಡ ಒಂದು ನುಂಗಿದೆ. ಹಿಮ್ಮಡಿ ನೋಯ್ತಿತ್ತು."

ಡ್ರಾಯರಿನಲ್ಲಿದ್ದ ಸ್ಟ್ರಿಪ್ಪುಗಳನ್ನೆಲ್ಲ ಚೀಲಕ್ಕೆ ತುಂಬಿದೆ. ಖಾಲಿಯವನ್ನೂ.

ಅದೇ ದಿನ, ಮಧ್ಯಾಹ್ನ

ಡಾಕ್ಟರಮ್ಮ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಸುರಿದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ದಿನಾ ತಗೋತಿದ್ರಾ?" ತಂಗಿ ಹೌದೆಂದು ತಲೆಯಾಡಿಸಿದಳು. "ಇವರು ಅಕ್ಕ ಆಗಿ ಕೊಟ್ರು, ನೀವು ತಂಗಿ ಆಗಿ ನುಂಗಿದ್ರಿ. ಕಿಡ್ನಿಗೆ ಸಂಬಂಧ ಗೊತ್ತಾಗಲ್ಲ ಕಣ್ರೀ." ಆಮೇಲೆ ಹಿಂದಿನ ಸಾಲನ್ನು ಭೂತಗನ್ನಡಿ ಹಿಡಿದು ನೋಡಿದರು. "ಇದು ಉಪಯೋಗಕ್ಕೆ ಬರುತ್ತೆ. ಹಳೇದಲ್ಲ ಅನ್ನೋದು ಒಳ್ಳೇ ಸುದ್ದಿ."

ಮಾತ್ರೆ ಇವತ್ತಿನಿಂದಲೇ ಬಂದ್. ಸೂಜಿ ಎರಡು ವಾರ ಮುಂದಕ್ಕೆ. ಅಷ್ಟರಲ್ಲಿ ಸೋರುವುದು ಕಮ್ಮಿಯಾದರೆ ಸರಿ, ಇಲ್ಲದಿದ್ದರೆ ಸೂಜಿ, ಆಮೇಲೆ ದೊಡ್ಡ ಔಷಧಿ. ಕಮ್ಮಿಯಾಗುತ್ತದೆಂದು ಅವರು ಮಾತು ಕೊಡಲಿಲ್ಲ. ದಿನಾ ಬೆಳಿಗ್ಗೆ ತೂಕ ಬರೆದಿಡಬೇಕು, ಒಂದು ಫೋಟೋ ತೆಗೆಯಬೇಕು. ಒಂದೇ ಜಾಗ, ಒಂದೇ ಬೆಳಕು.

ಹೊರಡುವಾಗ ನನಗೆ ಮಾತ್ರ ಹೇಳಿದರು, "ಅದಕ್ಕೆ ಕೈ ಹಚ್ಚಬೇಡಿ ಮತ್ತೆ."

ಜೂನ್ 11

ಅಡುಗೆಮನೆ ಕಿಟಕಿ ಪಕ್ಕ ಸ್ಟೂಲು. ಒಂದನೇ ದಿನ. ಪೂರಾ ಉಬ್ಬಿದೆ. ಎಡಗಣ್ಣು ಅರ್ಧ ಮುಚ್ಚಿದೆ. ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಕೈ ಬ್ರಷ್ಷಿಗೆ ಹೋಯಿತು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ.

ಜೂನ್ 15

ಐದನೇ ದಿನ. ಹಾಗೇ ಇದೆ. ಹಿಮ್ಮಡಿ ನೋವು ವಾಪಸ್ಸು. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಪೇಪರು ತಿದ್ದುತ್ತಾಳೆ. ಮುಲುಗುವುದಿಲ್ಲ, ನನಗೆ ಕೇಳಿಸದಿರಲಿ ಅಂತ.

ಜೂನ್ 18

ತೂಕ ನೂರು ಗ್ರಾಂ ಹೆಚ್ಚು.

ಜೂನ್ 23, ಸೋಮವಾರ, ಬೆಳಿಗ್ಗೆ 11

ಹದಿಮೂರನೇ ದಿನ. ನಾಳೆ ಟೆಸ್ಟು. ಎರಡು ದಿನದಿಂದ ತೂಕ ಸ್ವಲ್ಪ ಇಳಿದಿದೆ, ಆದರೆ ಆ ತಕ್ಕಡಿಯನ್ನು ನಂಬುವ ಹಾಗಿಲ್ಲ. ಇವತ್ತಿನ ಫೋಟೋ ಸ್ಟುಡಿಯೋದಲ್ಲಿ ತೆರೆದೆ. ಕಮ್ಮಿ ಅನ್ನಿಸಿತು. ನಿಜವೋ, ನನ್ನ ಆಸೆಯೋ? ಒಂದನೇ ದಿನದ್ದನ್ನು ಪಕ್ಕದಲ್ಲಿಟ್ಟು ನೋಡಿದೆ. ನೋಡಿ ನೋಡಿ ಏನೂ ತಿಳಿಯದಾಯಿತು. ಹತ್ತೊಂಬತ್ತು ವರ್ಷ ಚೀಲವಿಲ್ಲದ ಮುಖ ಮಾಡಿಕೊಟ್ಟ ಕಣ್ಣು ಇದು, ಇದನ್ನು ಯಾರು ನಂಬುತ್ತಾರೆ.

ಯಜಮಾನರನ್ನು ಕರೆದೆ. ಅವರಿಗೆ ವಿಷಯ ಏನೂ ಗೊತ್ತಿಲ್ಲ. ಗೊತ್ತಿದ್ದರೆ ನನ್ನನ್ನು ಸಮಾಧಾನ ಮಾಡಲು ನೋಡುತ್ತಾರೆ. "ಎರಡರಲ್ಲಿ ಯಾವುದಕ್ಕೆ ಕೈ ಆಡಿಸಿದ್ದೀನಿ ಹೇಳಿ ಸರ್" ಎಂದೆ, ಅಷ್ಟೇ.

ಈಗ ನನ್ನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾರೆ. ಅವರ ಮುಖ ನೋಡಬಾರದೆಂದು ಇದನ್ನು ಬರೆಯುತ್ತ ನಿಂತಿದ್ದೇನೆ. ಕನ್ನಡಕ ಒರೆಸಿಕೊಂಡರು. ದೊಡ್ಡದು ಮಾಡಿದರು. ಎಡಗಡೆ ಒಂದನೇ ದಿನದ್ದು, ಬಲಗಡೆ ಇವತ್ತಿನದು...

"ಬಲಗಡೇದು ಕಣಮ್ಮ. ಕಣ್ಣ ಕೆಳಗೆ ತೆಗೆದಿದ್ದೀಯ. ಪೂರ್ತಿ ತೆಗೆದಿಲ್ಲ, ಒಂದು ಚೂರು ಬಿಟ್ಟಿದ್ದೀಯ. ನಿನ್ ಕೆಲಸ ನಂಗೆ ಗೊತ್ತಾಗಲ್ವಾ?"

ಮುಟ್ಟಿಲ್ಲ. ಇವತ್ತಿನದನ್ನು ನಾನು ಮುಟ್ಟಿಯೇ ಇಲ್ಲ.