ಫೆಸೈತು ಅವರ ಕೋಣೆ

ಮಾರ್ಚ್ ೪, ಸೋಮವಾರ

ಬೆಳಿಗ್ಗೆಯಿಂದ ಟೈಮ್‌ಟೇಬಲ್ ರಿಪೇರಿ. ಇಡೀ ಬಿಸಿನೆಸ್ ಸ್ಕೂಲಿನ ಮೇಷ್ಟ್ರುಗಳ ಆಡಳಿತದ ಕೆಲಸ ನನ್ನೊಬ್ಬಳ ತಲೆಗೆ. ಈಗ ಡಾ. ಫೆಸೈತು ಅವರ ಅಕೌಂಟಿಂಗ್ ತರಗತಿಗಳನ್ನು ಬೇರೆಯವರಿಗೆ ಹಂಚಬೇಕು. ಹೃದಯಾಘಾತ. ಹೋದ ವಾರ ಇಲ್ಲೇ ಸುವಾ ನಗರದಲ್ಲಿ ಮಣ್ಣು ಮಾಡಿದೆವು. ರೊಟುಮಾ ದ್ವೀಪದಿಂದ ಅವರ ತಾಯಿ ಬರಬೇಕಿದ್ದ ಹಡಗು ಹೊರಟೇ ಇರಲಿಲ್ಲ.

ಫೆಸೈತು ಅವರ ಮೇಲ್ ಎಲ್ಲ ಈಗ ನನಗೆ. ಸುದ್ದಿ ತಿಳಿಯದ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ — ಸರ್, ಜ್ವರ, ಅಸೈನ್‌ಮೆಂಟಿಗೆ ಸ್ವಲ್ಪ ಟೈಮ್ ಕೊಡಿ. ಕೊಟ್ಟೆ. ಕೆಳಗೆ ಯಾರ ಹೆಸರು ಹಾಕುವುದೋ ತೋಚದೆ ಹಾಗೇ ಬಿಟ್ಟೆ.

ಮಾರ್ಚ್ ೬

ಡೀನ್ ವಿಟ್‌ಕೋಂಬ್ ಬಾಗಿಲಲ್ಲೇ ನಿಂತರು. "ವಾಸಿತಿ, ಶುಕ್ರವಾರದೊಳಗೆ ಫೆಸೈತು ರೂಮ್ ಖಾಲಿ ಮಾಡಿಸಮ್ಮ. ಬ್ರಿಸ್ಬೇನ್‌ನಿಂದ ಹೊಸಬರು ಬರ್ತಿದಾರೆ."

"ಅವರ ತಾಯಿ ಒಂದ್ಸಲ ನೋಡ್ಲಿ ಸರ್. ಹಡಗು ಹೊರಡುತ್ತಂತೆ."

"ಸಾಮಾನು ಬಾಕ್ಸಿಗೆ ಹಾಕಿ ಕಳ್ಸಿದ್ರಾಯ್ತಲ್ಲ?"

"ಬಾಕ್ಸಲ್ಲಿ ರೂಮ್ ಹಿಡಿಸಲ್ಲ ಸರ್."

ನಾನು ಅಷ್ಟು ಒರಟಾಗಿ ಹೇಳಬಾರದಿತ್ತು. ಡೀನ್ ಕೆಟ್ಟವರಲ್ಲ. ಸುದ್ದಿ ಬಂದ ದಿನ ಮೆಟ್ಟಿಲ ಮೇಲೆ ಕೂತು ಅತ್ತವರು. ಆ ಕೋಣೆಯ ಬಾಗಿಲನ್ನು ದಿನಾ ನೋಡಲಾರರು, ಅಷ್ಟೆ.

ಮಾರ್ಚ್ ೮

ಹೊಸ ಲೆಕ್ಚರರ್ ಗ್ರಾಂಟ್ ಬಂದರು. ಅವರಿಗೆ ನನ್ನ ಕೋಣೆ ಕೊಟ್ಟೆ. ನಾನು ಝೆರಾಕ್ಸ್ ಮೆಷಿನ್ ಪಕ್ಕ. ಡೀನ್ ನೋಡಿದರು. "ಎಲ್ಲೀವರೆಗೆ ಹೀಗೆ?"

"ಹಡಗು ಬರೋವರೆಗೆ."

ಮಾರ್ಚ್ ೧೩

ತಾಯಿ ಬಂದರು. ವಮರಾಸಿ ಅಂತ ಹೆಸರು. ಸಮುದ್ರದ ಸುಸ್ತು ಇನ್ನೂ ಮುಖದಲ್ಲಿತ್ತು. ಕೋಣೆ ತೆಗೆದುಕೊಟ್ಟೆ. ಕೂರಲಿಲ್ಲ. ಕುರ್ಚಿಯ ಬೆನ್ನು ಸವರಿದರು.

"ಇಲ್ಲಿ ಒಬ್ನೇ ಇರ್ತಿದ್ನಾ?"

"ಹೌದಮ್ಮ."

"ಅಯ್ಯೋ, ಅವ್ನಿಗೆ ಜನ ಬೇಕು ಕಣೆ. ಜನ ಎಲ್ಲಿದ್ರು?"

ಇಷ್ಟು ದಿನ ಈ ಕೋಣೆಗಾಗಿ ಜಗಳವಾಡಿದೆ... ಫೆಸೈತು ಅವರ ಹತ್ತು ಗಂಟೆಯ ತರಗತಿಯನ್ನು ಗ್ರಾಂಟ್ ನಡೆಸುತ್ತಿದ್ದರು. ಅಲ್ಲಿಗೇ ಕರೆದುಕೊಂಡು ಹೋದೆ. ಯಾರನ್ನೂ ಕೇಳಲಿಲ್ಲ.

ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಹಾಲ್ ತುಂಬಿತ್ತು. "ಫೆಸೈತು ಸರ್ ತಾಯಿ," ಎಂದೆ. ಗ್ರಾಂಟ್ ಪಾಠ ನಿಲ್ಲಿಸಿದರು.

"ನನ್ ಮಗ ಎಲ್ಲಿ ನಿಲ್ತಿದ್ದ?" ಎಂದರು ತಾಯಿ. ಗ್ರಾಂಟ್ ಮೈಕ್ ಬಿಟ್ಟು ಪಕ್ಕಕ್ಕೆ ಸರಿದರು.

ಮುಂದಿನ ಸಾಲಿನ ಹುಡುಗಿ, "ಅಲ್ಲಲ್ಲಮ್ಮ," ಎಂದಳು. "ಸರ್ ಅಲ್ಲಿ ನಿಲ್ತಾನೇ ಇರ್ಲಿಲ್ಲ. ಇಲ್ಲಿ, ನಮ್ ಮಧ್ಯ ಓಡಾಡ್ತಿದ್ರು."

ತಾಯಿ ಆ ದಾರಿಯಲ್ಲೇ ಮೇಲೇರಿದರು. ಮೆಲ್ಲಗೆ. ಎರಡೂ ಕಡೆಯ ಮುಖ ನೋಡುತ್ತ. ಅವರು ಹಾದುಹೋದಂತೆ ಸಾಲುಸಾಲಾಗಿ ಎದ್ದು ನಿಂತರು ಮಕ್ಕಳು. ಮೇಲೆ ತಲುಪಿ ತಿರುಗಿದರು. "ಎಲ್ರೂ ತಿಂಡಿ ತಿಂದ್ರಾ?"

ಯಾರೋ ಒಬ್ಬರು, "ಇಲ್ಲಮ್ಮ."

ತಾಯಿ ನಕ್ಕರು. ಥೇಟ್ ಮಗನ ನಗು. ಮಣ್ಣು ಮಾಡಿದ ದಿನವೂ ಬರದ ಅಳು ನನಗೆ ಆಗ ಬಂತು.

ತಾಯಿ ಮೆಟ್ಟಿಲ ಮೇಲೆ ಕೂತರು. ಮಕ್ಕಳೂ ಸುತ್ತ ಬಂದು ಕೂತರು. ಹಿಂದೆ ತಿರುಗಿದರೆ ಬಾಗಿಲಲ್ಲಿ ಡೀನ್. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಸರ್, ರೂಮ್ ಇವತ್ತೇ ಖಾಲಿ ಮಾಡ್ಸ್ತೀನಿ—"

"ಶ್... ಕೇಳೋಣ ಇರು."

ತಾಯಿ ಶುರುಮಾಡಿದ್ದರು. "ಅವ್ನು ಇಷ್ಟುದ್ದ ಇದ್ದಾಗ, ಒಂದಿನ—"